ತೋಳು ಎಲ್ಲಿಂದ ಶುರುವಾಗುತ್ತದೆ?

ಬಾಲ್‌ರೂಮ್ ನೃತ್ಯ ಕಲಿಯಲು ಹೋದವರ ಕಿವಿಗೆ ಮೊದಲ ಪಾಠದಲ್ಲೇ ಬೀಳುವ ಮಾತು, ‘ಭುಜ ಇಳಿಸಿ’. ವಾಲ್ಟ್ಸ್‌ಗೆ ನಿಂತ ಜೋಡಿಯಲ್ಲಿ ಗಂಡಿನ ಎಡಗೈ ಹೆಣ್ಣಿನ ಬಲಗೈ ಹಿಡಿದು ಮೇಲೆದ್ದಿರುತ್ತದೆ, ಅವನ ಬಲ ಅಂಗೈ ಆಕೆಯ ಎಡ ಹೆಗಲ ಹಲಗೆಗೆ ಆತುಕೊಂಡಿರುತ್ತದೆ. ಈ ಹಿಡಿತಕ್ಕೆ ‘ಫ್ರೇಮ್’ ಎಂದು ಹೆಸರು. ಭುಜ ಇಳಿಸಲು ಹೆಣಗಿದವರಿಗೆ ಒಂದು ಹಾಡು ಮುಗಿಯುವುದರೊಳಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ.

ಯಾಕೆಂದು ತಿಳಿಯಲು ಕನ್ನಡಿ ಬೇಡ, ಬೆರಳು ಸಾಕು. ಗಂಟಲ ಕುಳಿಯ ಪಕ್ಕದಲ್ಲಿ, ಕೊರಳೆಲುಬು ಎದೆಮೂಳೆಯನ್ನು ಸೇರುವ ಜಾಗದಲ್ಲಿ ಎರಡು ಬೆರಳಿಟ್ಟು ಅದೇ ಬದಿಯ ತೋಳನ್ನು ನಿಧಾನವಾಗಿ ಎತ್ತಿ. ಬೆರಳ ಕೆಳಗೆ ಮೂಳೆ ಅಲುಗುತ್ತದೆ. ಇಡೀ ತೋಳಿಗೂ ಮುಂಡಕ್ಕೂ ಮೂಳೆಯಿಂದ ಮೂಳೆಗೆ ಇರುವ ಕೀಲು ಇದೊಂದೇ. ಹೆಗಲ ಹಲಗೆ ಪಕ್ಕೆಲುಬಿಗೆ ಅಂಟಿಕೊಂಡಿಲ್ಲ, ಸ್ನಾಯುಗಳ ನಡುವೆ ತೇಲುತ್ತಿರುತ್ತದೆ. ತೋಳನ್ನು ಪೂರ್ತಿ ಮೇಲೆತ್ತುವ 180 ಡಿಗ್ರಿಯಲ್ಲಿ ಸುಮಾರು 120 ಭುಜದ ಕೀಲಿನದು, ಉಳಿದ 60 ಈ ಹಲಗೆ ಹೊರಳುವುದರಿಂದ ಬರುವುದು. ಮೂಳೆ ವೈದ್ಯ ವರ್ನ್ ಇನ್ಮನ್ ಮತ್ತು ಸಂಗಡಿಗರು 1944ರಲ್ಲೇ ಈ ಲೆಕ್ಕವನ್ನು ಬರೆದಿಟ್ಟರು.

ಹಾಗಿರುವಾಗ ಹಲಗೆಯನ್ನು ಕೆಳಕ್ಕೆ ಎಳೆದು ಬಿಗಿದು, ಮೊಣಕೈ ಮಾತ್ರ ಮೇಲಿರಲಿ ಎಂದರೆ ಕೆಳಕ್ಕೆಳೆಯುವ ಮತ್ತು ಮೇಲೆತ್ತುವ ಸ್ನಾಯುಗಳು ಒಂದಕ್ಕೊಂದು ಜಗಳಕ್ಕೆ ನಿಲ್ಲುತ್ತವೆ. ನೋವು ಕುತ್ತಿಗೆಗೆ. ತಿಳಿದ ಶಿಕ್ಷಕರು ಮಾತನ್ನೇ ಬದಲಿಸುತ್ತಾರೆ: ಹಲಗೆ ಪಕ್ಕೆಲುಬಿನ ಮೇಲೆ ಜಾರಿ ಕಂಕುಳ ಕಡೆಗೆ ಅಗಲಲಿ, ತೋಳು ಎದೆಮೂಳೆಯಿಂದಲೇ ಹೊರಡಲಿ. ಗಂಡಿಗೆ ಇನ್ನೊಂದು ಕಿವಿಮಾತು: ನಿನ್ನ ಬಲ ಅಂಗೈ ಕೆಳಗಿರುವುದು ಚಲಿಸುವ ಮೂಳೆ, ಅದನ್ನು ಒತ್ತಿ ಹಿಡಿಯಬೇಡ. ಇಷ್ಟರಿಂದಲೇ ಜೋಡಿಯ ಉಸಿರು ಸಡಿಲವಾಗುತ್ತದೆ.

ಬಾಲ್‌ರೂಮ್ ನೃತ್ಯಕ್ಕೆ ಪಠ್ಯಕ್ರಮ ಕೊಟ್ಟ ಸಂಸ್ಥೆಗಳಲ್ಲಿ ಮುಖ್ಯವಾದುದು 1904ರಲ್ಲಿ ಲಂಡನ್ನಿನ ಹೋಟೆಲ್ ಸೆಸಿಲ್‌ನಲ್ಲಿ ಹುಟ್ಟಿದ, ಈಗ ಇಂಪೀರಿಯಲ್ ಸೊಸೈಟಿ ಆಫ್ ಟೀಚರ್ಸ್ ಆಫ್ ಡ್ಯಾನ್ಸಿಂಗ್ ಎಂದು ಹೆಸರಾದ ಸಂಘ. 1924ರಲ್ಲಿ ಅದರ ಬಾಲ್‌ರೂಮ್ ಶಾಖೆ ಆರಂಭವಾಯಿತು. ಜೋಸೆಫಿನ್ ಬ್ರ್ಯಾಡ್ಲಿ, 1922ರ ವಿಶ್ವ ಚಾಂಪಿಯನ್ ವಿಕ್ಟರ್ ಸಿಲ್ವೆಸ್ಟರ್ ಮೊದಲಾದವರು ಅಲ್ಲಿ ಕೂತು, ಒಬ್ಬೊಬ್ಬರು ಒಂದೊಂದು ಥರ ಆಡುತ್ತಿದ್ದ ಹೆಜ್ಜೆಗಳಿಗೆ ನಿಯಮ ಕಟ್ಟಿದರು. ಪಾದ ಎಲ್ಲಿ, ಮುಖ ಯಾವ ಕಡೆ, ಎಷ್ಟು ತಿರುವು, ಎಲ್ಲಿ ಏರಿಕೆ, ಎಲ್ಲಿ ವಾಲುವಿಕೆ ಎಲ್ಲಕ್ಕೂ ಕೋಷ್ಟಕಗಳು ಬಂದವು. ಅವರ ಕಣ್ಣು ಸಾಮಾನ್ಯದ್ದಲ್ಲ. ಬಲಗಾಲು ಮುಂದಿಟ್ಟಾಗ ಎಡಮೈ ಮುಂದೆ ಬರುವ ನಡಿಗೆಯ ಸಹಜ ಗುಣವನ್ನೇ ತಿರುವುಗಳ ಮೂಲವಾಗಿ ಗುರುತಿಸಿದರು. ಆದರೂ ಕೋಷ್ಟಕದಲ್ಲಿ ಹೆಚ್ಚಿನ ಜಾಗ ಸಿಕ್ಕಿದ್ದು ಪಾದಕ್ಕೆ.

ಇದೇ ಪರಂಪರೆಯ ನೃತ್ಯ ಶಿಕ್ಷಕ ಅಲೆಕ್ಸ್ ಮೂರ್ ಅವರ ‘ಬಾಲ್‌ರೂಮ್ ಡ್ಯಾನ್ಸಿಂಗ್’ ಬಂದದ್ದು 1936ರಲ್ಲಿ. ಮರುವರ್ಷವೇ ಅಮೆರಿಕದಲ್ಲಿ ದೇಹಚಲನೆಯ ಶಿಕ್ಷಕಿ ಮೇಬೆಲ್ ಟಾಡ್ ಅವರ ‘ದಿ ಥಿಂಕಿಂಗ್ ಬಾಡಿ’ ಬಂತು. ಮೂಳೆಗಳ ಸಮತೋಲ ಅರಿತರೆ ಸ್ನಾಯುಗಳ ದುಡಿಮೆ ಕಡಿಮೆಯಾಗುತ್ತದೆ ಎಂಬುದು ಅದರ ತಿರುಳು. ಆಧುನಿಕ ನೃತ್ಯದವರು ಅದನ್ನು ಓದಿಕೊಂಡು ಬೆಳೆದರು. ಒಂದು ಪುಸ್ತಕದ ಓದುಗರು ಇನ್ನೊಂದನ್ನೂ ಆಗಲೇ ತೆರೆದಿದ್ದರೆ ಎಂದು ನನಗೆ ಮತ್ತೆ ಮತ್ತೆ ಅನಿಸುತ್ತದೆ.

ಈಗಲೂ ಎಷ್ಟೋ ಶಿಕ್ಷಕರು ಅಂಗರಚನೆ ಕಲಿಯುವುದು ತಮ್ಮದೇ ಮೊಣಕಾಲೋ ಸೊಂಟವೋ ಕೈಕೊಟ್ಟು, ಫಿಸಿಯೋಥೆರಪಿಸ್ಟ್ ಬಳಿ ಹೋದ ಮೇಲೆ. ಶಿಕ್ಷಕರ ತರಬೇತಿಯಲ್ಲೇ ಒಂದು ಅಸ್ಥಿಪಂಜರದ ಮಾದರಿ ಎದುರಿಗಿರಬೇಕು, ಮೊದಲ ಹೆಜ್ಜೆಗೂ ಮುಂಚೆ. ನೋವು ತಿಂದೇ ಆಡಿ, ನೋವಿನಿಂದಲೇ ನೃತ್ಯ ಬಿಟ್ಟವರಿಗೆ ಅಂದು ಯಾರಾದರೂ ಕೊರಳೆಲುಬಿನ ಮೇಲೆ ಬೆರಳಿಡಿಸಿ ತೋರಿಸಿದ್ದರೆ, ಇನ್ನಷ್ಟು ವರ್ಷ ಆಡುತ್ತಿದ್ದರೇನೋ.