ತೋಳಿನ ನೆತ್ತಿಯಲ್ಲಿದೆ ಪಫ್‌ನ ಗುಟ್ಟು

ಗೌರಿ ಹಬ್ಬವೋ ಮದುವೆಯ ಮುಹೂರ್ತಗಳೋ ಹತ್ತಿರವಾದವೆಂದರೆ ಟೈಲರ್‌ಗಳ ಮಾತಿನ ಧಾಟಿಯೇ ಬದಲಾಗುತ್ತದೆ. ಸಾದಾ ಬ್ಲೌಸ್ ಆದರೆ ನೋಡೋಣ, ಪಫ್ ತೋಳು ಬೇಕಾದರೆ ಹಬ್ಬ ಕಳೆದ ಮೇಲೆ ಬನ್ನಿ. ಒಪ್ಪಿಕೊಂಡರೂ ಕೂಲಿ ಜಾಸ್ತಿ. ಅದಕ್ಕೆ ಕಾರಣ ಇಲ್ಲದಿಲ್ಲ. ಪುಗ್ಗೆ ತೋಳಿಗೆ ಕಟಿಂಗೂ ಹೆಚ್ಚು, ಹೊಲಿಗೆಯೂ ಹೆಚ್ಚು. ಆದರೆ ಆ ಹೆಚ್ಚಿನ ಕೆಲಸದಲ್ಲಿ ಕೈಚಳಕಕ್ಕಿಂತ ಲೆಕ್ಕವೇ ದೊಡ್ಡದು. ಸಾದಾ ತೋಳು ಕೂಡಿಸಲು ಬರುವವರು ಇದನ್ನು ಮನೆಯ ಮಷಿನ್‌ನಲ್ಲೇ ಧೈರ್ಯವಾಗಿ ಹೊಲಿಯಬಹುದು.

ಮನೆಯಲ್ಲಿ ಹೊಲಿದ ಪಫ್ ಕೆಡುವುದು ಬಹುಮಟ್ಟಿಗೆ ಒಂದೇ ಕಡೆ. ನೆರಿಗೆ ಬೇಕೆಂದು ತೋಳಿನ ಅಗಲವನ್ನಷ್ಟೇ ಹೆಚ್ಚಿಸುತ್ತಾರೆ, ಎತ್ತರ ಇದ್ದಷ್ಟೇ ಉಳಿಯುತ್ತದೆ. ಆಗ ನೆರಿಗೆಯೇನೋ ಬೀಳುತ್ತದೆ, ತೋಳು ಮಾತ್ರ ಗಾಳಿ ಹೋದ ಬಲೂನಿನಂತೆ ಜೋತುಬೀಳುತ್ತದೆ. ಬಟ್ಟೆ ಭುಜದಿಂದ ಮೇಲೆದ್ದು, ಉಬ್ಬಿ, ಮತ್ತೆ ಕೆಳಗಿಳಿಯಬೇಕು. ಆ ದಾರಿ ಸಾದಾ ತೋಳಿನ ದಾರಿಗಿಂತ ಉದ್ದ. ಅಷ್ಟು ಬಟ್ಟೆಯನ್ನು ತೋಳಿನ ನೆತ್ತಿಯಲ್ಲಿ ಮೊದಲೇ ಕೊಟ್ಟಿರಬೇಕು.

ತೋಳಿನ ಸುತ್ತಳತೆ 12 ಇಂಚು, ಉದ್ದ 6 ಇಂಚು ಎಂದಿಟ್ಟುಕೊಳ್ಳೋಣ. ಅಳತೆ ರವಿಕೆಯ ತೋಳನ್ನು ಹಳೆಯ ದಿನಪತ್ರಿಕೆಯ ಮೇಲಿಟ್ಟು ನಕ್ಷೆ ಬರೆದರೆ, ಸಡಿಲ ಮತ್ತು ಹೊಲಿಗೆಗೆ ಬಿಡುವ ಜಾಗ ಸೇರಿ ಅಗಲ ಸುಮಾರು 14 ಇಂಚು ಬರುತ್ತದೆ. ಕೆಳಗೆ ಒಂದಿಂಚಿನ ಪಟ್ಟಿ ಕೂಡಿಸುವುದಾದರೆ ಉದ್ದದಲ್ಲಿ ಅಷ್ಟನ್ನು ಕಳೆಯಬೇಕು. ಈಗ ಕಾಗದವನ್ನು ನೆತ್ತಿಯಿಂದ ಕೆಳಗಿನ ಅಂಚಿನವರೆಗೆ ಮೂರು ಕಡೆ ನೇರವಾಗಿ ಕತ್ತರಿಸಬೇಕು: ನಟ್ಟನಡುವೆ ಒಂದು, ಅದರ ಆಚೀಚೆ ಒಂದೊಂದು. ತುಂಡುಗಳನ್ನು ಇನ್ನೊಂದು ಕಾಗದದ ಮೇಲೆ 2 ಇಂಚಿನಷ್ಟು ದೂರ ದೂರ ಸರಿಸಿಟ್ಟರೆ 14 ಇಂಚು 20 ಆಯಿತು, ಅಂದರೆ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಬಟ್ಟೆ ತೀರ ತೆಳುವಾದರೆ ಎರಡು ಪಟ್ಟಾದರೂ ಅಡ್ಡಿಯಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಮೇಲೆ ಹೇಳಿದ ಜೋಲು ತೋಳೇ ಗತಿ. ನೆತ್ತಿಯ ನಡುಬಿಂದುವಿನಿಂದ ಒಂದೂವರೆ ಇಂಚು ಮೇಲಕ್ಕೆ ಗುರುತು ಹಾಕಿ, ಅಲ್ಲಿಂದ ಎರಡೂ ಬದಿಗೆ ನಯವಾಗಿ ಬಾಗಿಸುತ್ತ, ಕಂಕುಳಿಗೆ ಬರುವ ಮೊದಲೇ ಹಳೆಯ ಗೆರೆಗೆ ಸೇರಿಸಬೇಕು. ಕೆಳಗಿನ ಅಂಚನ್ನೂ ನಡುವೆ ಮುಕ್ಕಾಲು ಇಂಚು ಇಳಿಸಿದರೆ ಉಬ್ಬು ದುಂಡಗೆ ಬರುತ್ತದೆ. ಕಂಕುಳಿನ ಭಾಗವನ್ನು ಮಾತ್ರ ಮುಟ್ಟಬಾರದು. ಅಲ್ಲಿ ನೆರಿಗೆ ಬಂದರೆ ಕೈ ಎತ್ತುವಾಗಲೆಲ್ಲ ಒತ್ತುತ್ತದೆ, ಬೆವರಿಗೆ ಉಜ್ಜುತ್ತದೆ.

ಮಷಿನ್ ಮುಂದೆ ಕೂತಾಗ ಮಾಡಬೇಕಾದ ಮೊದಲ ಕೆಲಸ ಹೊಲಿಗೆಯ ಉದ್ದವನ್ನು ಅತಿ ಹೆಚ್ಚಿಗೆ ತಿರುಗಿಸುವುದು, ಮೇಲಿನ ದಾರದ ಬಿಗಿಯನ್ನು ಕೊಂಚ ಸಡಿಲಿಸುವುದು. ನೆತ್ತಿಯ ಅಂಚಿನಿಂದ ಕಾಲು ಇಂಚಿಗೆ ಒಂದು ಸಾಲು, ಅದರ ಕೆಳಗೆ ಹತ್ತಿರದಲ್ಲೇ ಇನ್ನೊಂದು ಸಾಲು. ತುದಿಯಲ್ಲಿ ಹಿಂದೆ-ಮುಂದೆ ಹೊಲಿದು ಗಟ್ಟಿ ಮಾಡುವ ಅಭ್ಯಾಸವನ್ನು ಇಲ್ಲಿ ಮರೆತುಬಿಡಬೇಕು. ನಾಲ್ಕು ಬೆರಳಿನಷ್ಟು ದಾರ ಹೊರಗೆ ನೇತಾಡಲಿ. ಎರಡೂ ಸಾಲಿನ ಬಾಬಿನ್ ದಾರವನ್ನು ಒಟ್ಟಿಗೆ ಹಿಡಿದು ಎಳೆದರೆ ಬಟ್ಟೆ ತಾನಾಗಿ ಸುಕ್ಕುಗಟ್ಟುತ್ತ ಬರುತ್ತದೆ. ಒಂದೇ ಸಾಲು ಹಾಕಿದರೆ ನೆರಿಗೆ ಅಡ್ಡಾದಿಡ್ಡಿ ಮಗಚುತ್ತದೆ. ಎರಡನೆಯದು ಅದನ್ನು ನೆಟ್ಟಗೆ ನಿಲ್ಲಿಸುತ್ತದೆ. ಬಾಬಿನ್‌ಗೆ ಬೇರೆ ಬಣ್ಣದ ಗಟ್ಟಿ ದಾರ ಸುತ್ತಿಕೊಂಡರೆ ಎಳೆಯುವಾಗ ಕಣ್ಣಿಗೂ ಸುಲಭ, ನಡುವೆ ತುಂಡಾಗುವ ಭಯವೂ ಕಡಿಮೆ.

ನೆರಿಗೆಯನ್ನು ಭುಜದ ಹೊಲಿಗೆಯ ಆಚೀಚೆ ಮೂರು ಮೂರು ಇಂಚಿನಲ್ಲೇ ಹಂಚಿ, ಗುಂಡುಸೂಜಿ ಚುಚ್ಚಿ, ನೆರಿಗೆಯ ಬದಿ ಮೇಲಿರುವಂತೆ ಇಟ್ಟುಕೊಂಡು ಹೊಲಿಯಬೇಕು. ಕೂಡಿಸಿದ ಮೇಲೆ ಒಳಗಿನ ಅಂಚನ್ನು ಬಾಡಿಯ ಕಡೆಗಲ್ಲ, ತೋಳಿನ ಕಡೆಗೆ ತಿರುಗಿಸಬೇಕು. ಆ ಪುಟ್ಟ ಅಂಚೇ ಉಬ್ಬಿಗೆ ಒಳಗಿನಿಂದ ಆಸರೆ ಕೊಡುತ್ತದೆ.

ಉಬ್ಬಿಗೆ ಆಸರೆ ಬೇಕು ಎಂಬುದು ಇಂದಿನ ಸಮಸ್ಯೆಯಲ್ಲ. 1830ರ ದಶಕದಲ್ಲಿ ಯುರೋಪಿನ ಸಿರಿವಂತ ಹೆಂಗಸರು ಬುಡ್ಡೆಯಂಥ ತೋಳು ತೊಟ್ಟಾಗ, ಅದು ಕುಸಿಯದಂತೆ ಒಳಗೆ ಹಕ್ಕಿಯ ಪುಕ್ಕ ತುಂಬಿದ ಪುಟ್ಟ ದಿಂಬುಗಳನ್ನು ಕಟ್ಟಿಕೊಳ್ಳುತ್ತಿದ್ದರು. ಆಮೇಲೆ ಮರೆಯಾದ ಆ ತೋಳು 1890ರ ದಶಕದಲ್ಲಿ ಮತ್ತೆ ಬಂತು. ಭಾರತದಲ್ಲಿ ಸೀರೆಯ ಜೊತೆ ಹೊಲಿದ ರವಿಕೆ ತೊಡುವ ರೂಢಿ ಹೊಸ ರೂಪ ಪಡೆಯುತ್ತಿದ್ದುದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಬಂಗಾಳದಲ್ಲಿ ಅದನ್ನು ಬಳಕೆಗೆ ತಂದವರಲ್ಲಿ ಟಾಗೋರರ ಮನೆಯ ಸೊಸೆ ಜ್ಞಾನದಾನಂದಿನಿ ದೇವಿ ಪ್ರಮುಖರು. 1908ರಲ್ಲಿ ಬಂದ ‘ಆ್ಯನ್ ಆಫ್ ಗ್ರೀನ್ ಗೇಬಲ್ಸ್’ ಕಾದಂಬರಿಯ ಅನಾಥ ಹುಡುಗಿಗೆ ಪಫ್ ತೋಳಿನ ಅಂಗಿಯೇ ದೊಡ್ಡ ಕನಸು. 1981ರಲ್ಲಿ ಡಯಾನಾಳ ಮದುವೆಯ ಉಡುಪಿನ ತೋಳನ್ನು ಟಿವಿಯಲ್ಲಿ ಕಂಡವರಂತೂ ಮರೆಯುವ ಹಾಗೇ ಇಲ್ಲ. ಇದು ಹೋಗುವ ಫ್ಯಾಷನ್ನೂ ಹೌದು, ತಪ್ಪದೆ ಮರಳಿ ಬರುವ ಫ್ಯಾಷನ್ನೂ ಹೌದು.

ಪುಕ್ಕದ ದಿಂಬಿನ ಬದಲು ಈಗ ಲೈನಿಂಗ್ ಇದೆ. ಲೈನಿಂಗ್ ತೋಳನ್ನು ನೆರಿಗೆಯಿಲ್ಲದೆ ಸಾದಾ ನಕ್ಷೆಯಲ್ಲೇ, ಉದ್ದದಲ್ಲಿ ಸ್ವಲ್ಪ ಕಡಿಮೆ ಮಾಡಿ ಕತ್ತರಿಸಿ, ಮೇಲೆ ಕೆಳಗೆ ಎರಡೂ ಕಡೆ ನೆರಿಗೆಯ ಬಟ್ಟೆಯೊಂದಿಗೆ ಸೇರಿಸಿದರೆ ಸಾಕು. ಒಳತೋಳು ಜಾರದೆ ಹಿಡಿದುಕೊಳ್ಳುತ್ತದೆ, ಹೊರಗಿನ ಹೆಚ್ಚಿನ ಬಟ್ಟೆಗೆ ಉಬ್ಬದೆ ಬೇರೆ ದಾರಿಯೇ ಇರುವುದಿಲ್ಲ. ಇನ್ನೂ ಎದ್ದು ನಿಲ್ಲಬೇಕೆಂದರೆ ನೆತ್ತಿಯ ಒಳಗೆ ಎರಡಿಂಚು ಅಗಲದ ಗಟ್ಟಿ ನೆಟ್ ಪಟ್ಟಿ ಕೂಡಿಸಬಹುದು. ಅದರ ಅಂಚು ಮೈಗೆ ಚುಚ್ಚುವುದರಿಂದ ಹತ್ತಿ ಬಟ್ಟೆ ಸುತ್ತುವುದು ಒಳ್ಳೆಯದು. ಲೈನಿಂಗ್ ಬಟ್ಟೆಯನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಸಿ ಒಣಗಿಸಿರಬೇಕು. ಇಲ್ಲವಾದರೆ ಮೊದಲ ಒಗೆತಕ್ಕೇ ಒಳತೋಳು ಕುಗ್ಗಿ, ಕೈ ಹಿಡಿದಂತಾಗುತ್ತದೆ.

ಬಟ್ಟೆಯ ಸ್ವಭಾವವನ್ನೂ ನೋಡಬೇಕು. ಇಳಕಲ್ ಸೀರೆಗೆ ಜೋಡಿಯಾದ ಗುಳೇದಗುಡ್ಡದ ಖಣಕ್ಕೆ ತನ್ನದೇ ಬಿಗುವಿದೆ, ಹೇಳಿದಂತೆ ಕೇಳುತ್ತದೆ. ಆರ್ಗೆಂಜಾ, ಗಂಜಿ ಹಾಕಿದ ಹತ್ತಿ ಕೂಡ ಹಾಗೆಯೇ. 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ಕಾರ್ಖಾನೆಯ ಮೈಸೂರು ಸಿಲ್ಕ್ ಹಾಗಲ್ಲ. ಅದು ಹುರಿಗೊಳಿಸಿದ ನೂಲಿನ ಕ್ರೇಪ್, ಇಳಿಬೀಳುವುದೇ ಅದರ ಸೊಗಸು. ಲೈನಿಂಗ್ ಇಲ್ಲದೆ ಅದರಲ್ಲಿ ಪಫ್ ಹೊಲಿಯದಿರುವುದೇ ವಾಸಿ. ಜರಿ ಅಂಚನ್ನು ಸಣ್ಣ ನೆರಿಗೆಗೆ ಎಳೆಯಹೋದರೆ ಮುದುಡಿ ಮುರಿಯುತ್ತದೆ. ಅದನ್ನು ಬೇರೆ ಮಾಡಿ ತೋಳಿನ ಕೆಳಗಿನ ಪಟ್ಟಿಯಾಗಿ ಕೂಡಿಸಿದರೆ ಸೀರೆಗೂ ಒಪ್ಪುತ್ತದೆ, ಬಟ್ಟೆಯೂ ಉಳಿಯುತ್ತದೆ. ಸೀರೆಯೊಂದಿಗೆ ಬರುವ ಬ್ಲೌಸ್ ಪೀಸ್ ಸಾಮಾನ್ಯವಾಗಿ 80 ಸೆಂಟಿಮೀಟರ್. ದೊಡ್ಡ ಅಳತೆಯವರಿಗೆ ಪಫ್ ತೋಳಿಗೆ ಅದು ಸಾಲದು. ಕತ್ತರಿ ಹಾಕುವ ಮೊದಲು ಎಲ್ಲ ಕಾಗದದ ನಕ್ಷೆಗಳನ್ನೂ ಬಟ್ಟೆಯ ಮೇಲೆ ಹರಡಿ ನೋಡಿದರೆ ಆಮೇಲೆ ಪೇಚಾಡುವುದು ತಪ್ಪುತ್ತದೆ.

ಮೊದಲ ಸಲಕ್ಕೆ ಪೂರ್ತಿ ರವಿಕೆಯೇ ಆಗಬೇಕೆಂದಿಲ್ಲ. ಬಾಡಿ ಚೆನ್ನಾಗಿ ಕೂರುವ, ತೋಳು ಮಾತ್ರ ಬೇಸರ ತಂದಿರುವ ಹಳೆಯ ಬ್ಲೌಸ್ ಎಲ್ಲರ ಬೀರುವಿನಲ್ಲೂ ಒಂದಾದರೂ ಇರುತ್ತದೆ. ತೋಳು ಬಿಚ್ಚಿ, ಅದನ್ನೇ ನಕ್ಷೆಯಾಗಿ ಇಟ್ಟುಕೊಂಡು, ಬೇರೆ ಬಣ್ಣದ ಅರ್ಧ ಮೀಟರ್ ಬಟ್ಟೆಯಲ್ಲಿ ಪಫ್ ತೋಳು ಹೊಲಿದು ಕೂಡಿಸಿದರೆ ಡಾಟ್, ಕೊರಳು, ಹುಕ್ಕು ಯಾವುದರ ಗೊಡವೆಯೂ ಇರುವುದಿಲ್ಲ.