ಮನೆಯೊಳಗೊಂದು ಸರ್ವರು

ವಿನೋಬನಗರದ ನಮ್ಮ ಮನೆಯಲ್ಲಿ, ಹಿಂದೆ ರೇಡಿಯೋ ಇದ್ದ ಗೂಡಿನಲ್ಲಿ, ಈಗ ಅಂಗೈಯಗಲದ ಗಣಕವೊಂದು ಕುಳಿತಿದೆ. ರಾಸ್ಬೆರಿ ಪೈ ಎಂದು ಅದರ ಹೆಸರು. ನನ್ನ ಪತ್ನಿ ಸಾಗರ, ತೀರ್ಥಹಳ್ಳಿಗಳ ಕಡೆ ತಿರುಗಿ ಬರೆದುಕೊಂಡಿದ್ದ ಹಸೆಯ ಹಾಡುಗಳ ಹನ್ನೊಂದು ನೋಟುಪುಸ್ತಕಗಳ ಪಾಠ ಅದರೊಳಗಿದೆ. ಆಕೆ ಈಗಿಲ್ಲ. ಮೊದಲು ಆ ಹಾಡುಗಳನ್ನು ಉಚಿತ ಜಾಲತಾಣವೊಂದರಲ್ಲಿ ಇರಿಸಿದ್ದೆ. ಅದನ್ನು ನಡೆಸುತ್ತಿದ್ದವರು ಬಾಗಿಲು ಹಾಕಿಕೊಂಡರು. ನನ್ನ ಎರಡು ವರ್ಷದ ಬೆರಳಚ್ಚು ಅದರೊಡನೆ ಹೋಯಿತು. ಮತ್ತೊಮ್ಮೆ ಅಚ್ಚಿಸಿದ ಮೇಲೆ, ಇನ್ನು ಇವು ಪರರ ಮನೆಯಲ್ಲಿರುವುದು ಬೇಡವೆಂದು ನಿಶ್ಚಯಿಸಿದೆ.

ಸರ್ವರೆಂದರೆ ಗಹನವಾದುದೇನೂ ಅಲ್ಲ. ಕೇಳಿದವರಿಗೆ ಕೇಳಿದ ಪುಟವನ್ನು ತೆಗೆದುಕೊಡುವ ಗ್ರಂಥಪಾಲಕ, ಆದರೆ ನಿದ್ದೆ ಮಾಡುವಂತಿಲ್ಲ. 1990ರಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಮೊದಲ ವೆಬ್ ಸರ್ವರನ್ನು ನಡೆಸಿದ್ದು ತಮ್ಮ ಮೇಜಿನ ಗಣಕದಲ್ಲಿಯೇ. ಇದು ಸರ್ವರು, ಆರಿಸಕೂಡದು ಎಂಬರ್ಥದ ಚೀಟಿಯನ್ನು ಕೆಂಪು ಶಾಯಿಯಲ್ಲಿ ಬರೆದು ಅದಕ್ಕೆ ಅಂಟಿಸಿದ್ದರು. ನಾನೂ ಅಂಥದೊಂದು ಚೀಟಿ ಅಂಟಿಸಿದ್ದೇನೆ. ಇಸ್ತ್ರಿಪೆಟ್ಟಿಗೆಗೆಂದು ಅದರ ಪ್ಲಗ್ಗು ಕಿತ್ತವನೂ ನಾನೇ.

ತೊಡಕಿರುವುದು ವಿಳಾಸದಲ್ಲಿ. ಅಂತರಜಾಲದ ಹಳೆಯ ಕ್ರಮದಲ್ಲಿ ಅಂಕಿಗಳ ವಿಳಾಸಗಳು ಸುಮಾರು 430 ಕೋಟಿ ಮಾತ್ರ. 2011ರ ಫೆಬ್ರವರಿಯಲ್ಲಿ ಅವುಗಳ ಜಾಗತಿಕ ದಾಸ್ತಾನು ಬರಿದಾಯಿತು. ಆದುದರಿಂದ ಬ್ರಾಡ್‌ಬ್ಯಾಂಡ್ ಒದಗಿಸುವವರು ಎಷ್ಟೋ ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತಾರೆ; ಹಳೆಯ ವಠಾರದ ಹಾಗೆ. ವಠಾರದಿಂದ ನಾವು ಕಾಗದ ಬರೆದರೆ ಉತ್ತರ ಬಂದೇ ಬರುತ್ತದೆ. ಆದರೆ ಅಪರಿಚಿತನೊಬ್ಬ ಬಂದು ಬೀದಿಬಾಗಿಲು ತಟ್ಟಿದರೆ, ಅವನು ಯಾರ ಮನೆಗೆ ಬಂದವನೆಂದು ಹೇಳುವವರಿಲ್ಲ. ಸರ್ವರಿಗೆ ಬೇಕಾದವನಾದರೋ ಆ ಅಪರಿಚಿತನೇ! ಇದು ತಿಳಿಯಲು ನನಗೂ ನನ್ನ ಮೊಮ್ಮಗನಿಗೂ ಒಂದು ತಿಂಗಳು ಹಿಡಿಯಿತು. ರೌಟರಿನಲ್ಲಿ 443ನೆಯ ಪೋರ್ಟನ್ನು ಈ ಪುಟ್ಟ ಗಣಕಕ್ಕೆ ಒಪ್ಪಿಸಿ ಕಾದು ಕುಳಿತಿದ್ದೆವು. ಬಾಗಿಲು ತೆರೆದಿತ್ತು, ಅದರ ಮುಂದೆ ಬೀದಿಯೇ ಇರಲಿಲ್ಲ. ರೌಟರು ತೋರಿಸುವ ಹೊರವಿಳಾಸದ ಮೊದಲ ಅಂಕಿ 100 ಆಗಿದ್ದು ಎರಡನೆಯದು 64ರಿಂದ 127ರೊಳಗಿದ್ದರೆ, ತಾವೂ ವಠಾರವಾಸಿಗಳೆಂದು ತಿಳಿಯಬಹುದು. ಐಪಿ ಆರನೆಯ ಆವೃತ್ತಿಯಲ್ಲಿ ವಿಳಾಸಗಳಿಗೆ ಬರವಿಲ್ಲ. ಆದರೆ ಓದುಗನ ಕಡೆಯೂ ಅದಿರಬೇಕು. ಕೊನೆಗೆ ಹೆಚ್ಚಿನ ಹಣ ತೆತ್ತು ಸ್ಥಿರ ವಿಳಾಸವನ್ನೇ ಪಡೆದೆ.

ಬೀದಿ ಬಂದೊಡನೆ ಕಳ್ಳರೂ ಬಂದರು. ಮೊದಲ ರಾತ್ರಿಯ ದಾಖಲೆಯನ್ನು ನೋಡಿದಾಗ ಎಲ್ಲೆಲ್ಲಿಯದೋ ಯಂತ್ರಗಳು ಗುಪ್ತಪದ ಊಹಿಸುತ್ತ ಚಿಲಕ ಅಲುಗಿಸಿದ್ದವು. ಬೇಡದ ಬಾಗಿಲುಗಳನ್ನೆಲ್ಲ ಮುಚ್ಚಿದೆವು. ತಂತ್ರಾಂಶವನ್ನು ಹೊಸದಾಗಿಡುವ ಕೆಲಸ ಮೊಮ್ಮಗನ ಪಾಲಿಗೆ ಬಂತು. ಮೆಮೊರಿ ಕಾರ್ಡು ಬರೆದೂ ಬರೆದೂ ಸವೆಯುವ ವಸ್ತುವಾದ್ದರಿಂದ ಎಲ್ಲದರ ಪ್ರತಿಯೊಂದು ಮಗಳ ಬಳಿಯೂ ಇದೆ.

ಮೊನ್ನೆ ಮಳೆಯ ಸಂಜೆ ಆಕೆಯದೇ ಫೋನು: "ಅಪ್ಪಾ, ಅಮ್ಮನ ಏಳನೇ ಪುಸ್ತಕ ತೆರೀತಾ ಇಲ್ಲ." ಕರೆಂಟು ಹೋಗಿತ್ತು. ಟಾರ್ಚು ಹಿಡಿದು ಯುಪಿಎಸ್ ಹುಡುಕಲು ಎದ್ದೆ.