ಹರಳಿನೊಳಗಿನ ಲೋಪ ಮತ್ತು ಆದೇಶ

ಸಂಧಿಪ್ರಕರಣವನ್ನು ಇಪ್ಪತ್ತು ವರ್ಷ ಬೋಧಿಸಿದವನಿಗೆ ಲೋಪ, ಆಗಮ, ಆದೇಶಗಳು ಎಲ್ಲೆಲ್ಲಿಯೂ ಕಾಣಿಸುತ್ತವೆ. ‘ಊರಲ್ಲಿ’ ಎಂಬಲ್ಲಿ ಉಕಾರ ಹೋಯಿತು. ‘ಮನೆಯನ್ನು’ ಎಂಬಲ್ಲಿ ಯಕಾರ ಬಂದಿತು. ‘ಮಳೆಗಾಲ’ದಲ್ಲಿ ಕಕಾರದ ಪೀಠವನ್ನು ಗಕಾರ ಏರಿತು. ಇಂಥದೇ ವ್ಯಾಪಾರ ಬೇರಿಯಂ ಟೈಟನೇಟ್ ಎಂಬ ಆಕ್ಸೈಡಿನ ಹರಳಿನಲ್ಲಿಯೂ ನಡೆಯುತ್ತದೆಂದು ಓದಿ ನನಗೆ ಸೋಜಿಗವಾಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ, ರಷ್ಯ, ಜಪಾನುಗಳಲ್ಲಿ ಬೇರೆಬೇರೆಯಾಗಿ ಇದರ ವಿಶೇಷ ಗುಣ ಬೆಳಕಿಗೆ ಬಂದಿತು. ಹರಳಿನ ಒಂದು ಮನೆಯನ್ನು ಚೌಕ ಪೆಟ್ಟಿಗೆಯೆಂದು ಭಾವಿಸಿರಿ. ಮೂಲೆಗಳಲ್ಲಿ ಬೇರಿಯಂ, ಆರು ಮುಖಗಳ ನಡುವೆ ಆಕ್ಸಿಜನ್, ಗರ್ಭದಲ್ಲಿ ಟೈಟಾನಿಯಂ. ಉಷ್ಣತೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದಾಗ ಟೈಟಾನಿಯಂ ನಟ್ಟನಡುವನ್ನು ಬಿಟ್ಟು ಕೊಂಚ ಸರಿಯುತ್ತದೆ. ಪೆಟ್ಟಿಗೆಗೆ ಒಂದು ಧನ ತುದಿ, ಒಂದು ಋಣ ತುದಿ ಏರ್ಪಡುತ್ತವೆ. ಹೊರಗಿನಿಂದ ವಿದ್ಯುತ್ಕ್ಷೇತ್ರವನ್ನು ಹೂಡಿದರೆ ಈ ದಿಕ್ಕು ಮಗುಚಿಕೊಳ್ಳುತ್ತದೆ. ಇಂಥ ವಸ್ತುಗಳಿಗೆ ಫೆರೋಎಲೆಕ್ಟ್ರಿಕ್ ಎಂದು ಹೆಸರು. ಹೆಸರಿನಲ್ಲಿರುವ ಕಬ್ಬಿಣ ಒಡಲಿನಲ್ಲಿಲ್ಲ. ಅಯಸ್ಕಾಂತದ ಹೋಲಿಕೆಯಿಂದ ಅಂಟಿಕೊಂಡದ್ದು ಅಷ್ಟೆ.

ಆ ಕಬ್ಬಿಣವನ್ನೇ ಟೈಟಾನಿಯಂನ ಪೀಠದಲ್ಲಿ ಕೂರಿಸಿದರೆ ಆದೇಶವಾಯಿತು. ಇದಕ್ಕೆ ಡೋಪಿಂಗ್ ಎನ್ನುತ್ತಾರೆ. ಟೈಟಾನಿಯಂ ಹೊತ್ತ ಧನಾಂಶ ನಾಲ್ಕು, ಕಬ್ಬಿಣದ್ದು ಮೂರು. ಹರಳಿನ ಲೆಕ್ಕ ಛಂದಸ್ಸಿಗಿಂತಲೂ ಕಟ್ಟುನಿಟ್ಟು. ಎರಡು ಲಘುಗಳು ಒಂದು ಗುರುವಿಗೆ ಸಮನಾದಂತೆ, ಎರಡು ಕಬ್ಬಿಣಗಳ ಕೊರತೆಯನ್ನು ತುಂಬಲು ಎರಡು ಋಣಾಂಶ ಹೊತ್ತ ಒಂದು ಆಕ್ಸಿಜನ್ ಹೊರಬೀಳುತ್ತದೆ. ಆದೇಶವೇ ಲೋಪವನ್ನು ಹಡೆಯಿತು! ಆಗಮಕ್ಕೆ ಮಾತ್ರ ಇಲ್ಲಿ ಎಡೆ ಸಾಲದು. ಪರಮಾಣುಗಳು ಅಷ್ಟು ಒತ್ತಾಗಿವೆ. ವಿಜ್ಞಾನಿಗಳು ಇವನ್ನೆಲ್ಲ ದೋಷಗಳೆಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ವೈಯಾಕರಣರು ಲೋಪವನ್ನು ಸಂಧಿಕಾರ್ಯವೆಂದರೇ ಹೊರತು ದೋಷವೆನ್ನಲಿಲ್ಲ.

ಲೋಪವು ಕಬ್ಬಿಣದ ಪಕ್ಕದಲ್ಲಿ ನಿಂತು ಜೋಡಿಯಾದರೆ, ಆ ಜೋಡಿ ಕ್ರಮೇಣ ಸುತ್ತಲಿನ ದಿಕ್ಕಿಗೆ ಹೊಂದಿಕೊಂಡು, ಮುಂದೆ ಅದು ಸುಲಭವಾಗಿ ಮಗುಚದಂತೆ ಹಿಡಿಯುತ್ತದೆ. ಸೀಸದ ಜಿರ್ಕೊನೇಟ್ ಟೈಟನೇಟಿನಲ್ಲಿ ಇದು ‘ಗಡಸು’ ಬಗೆ. ಬಲವಾದ ಶ್ರವಣಾತೀತ ಧ್ವನಿಯನ್ನು ಹೊರಡಿಸಲು ಬೇಕಾದುದು. ಐದು ಧನಾಂಶದ ನಿಯೋಬಿಯಂ ಸೇರಿಸಿದರೆ ಸೀಸದ ಪೀಠಗಳು ಬರಿದಾಗಿ ವಸ್ತು ‘ಮೆದು’ವಾಗುತ್ತದೆ, ಕ್ಷೀಣ ಸದ್ದನ್ನು ಆಲಿಸಲು ಅದು ಲೇಸು.

ವ್ಯಾಕರಣದ ಲೋಪ ಇದ್ದಲ್ಲೇ ಇರುತ್ತದೆ; ಹರಳಿನ ಲೋಪ ನಡೆಯುತ್ತದೆ. ನೆರೆಯ ಆಕ್ಸಿಜನ್ ಬರಿದಾದ ಪೀಠಕ್ಕೆ ಹಾರಿದರೆ ತೆರವು ನೆರೆಮನೆಗೆ ಹೋಯಿತು. ಮೊಬೈಲ್ ಫೋನಿನಲ್ಲಿ ನೂರಾರು ಸಂಖ್ಯೆಯಲ್ಲಿರುವ ಪುಟ್ಟ ಕೆಪಾಸಿಟರುಗಳು ಬೇರಿಯಂ ಟೈಟನೇಟ್ ಮತ್ತು ನಿಕ್ಕಲ್ ಪದರಗಳನ್ನು ಅಡುಕಿ ಮಾಡಿದವು. ನಿಕ್ಕಲ್ ಆಕ್ಸೈಡಾಗಿ ಕೆಡದಿರಲೆಂದು ಆಕ್ಸಿಜನ್ ವಿರಳವಾದ ಕುಲುಮೆಯಲ್ಲಿ ಇವನ್ನು ಸುಡುತ್ತಾರೆ. ಆಗ ಹರಳೂ ಆಕ್ಸಿಜನ್ನನ್ನು ಕಳೆದುಕೊಳ್ಳುತ್ತದೆ. ವರ್ಷಗಟ್ಟಲೆ ವೋಲ್ಟೇಜಿನ ಒತ್ತಡದಲ್ಲಿ, ಧನಾಂಶದಂತೆ ವರ್ತಿಸುವ ಈ ತೆರವುಗಳು ಋಣ ತುದಿಯತ್ತ ತೆವಳಿ ಗುಂಪುಗೂಡುತ್ತವೆ. ಹರಳಿನ ನಿರೋಧ ಕುಸಿಯುತ್ತದೆ. ಫೋನಾದರೆ ಬೇರೆ ಕೊಳ್ಳಬಹುದು; ಎದೆಯೊಳಗೆ ಹುದುಗಿಸಿದ ಪೇಸ್‌ಮೇಕರಿನಲ್ಲಿಯೂ ಇಂಥ ಕೆಪಾಸಿಟರುಗಳುಂಟು.

ಇದಕ್ಕೆ ಮದ್ದೂ ಆದೇಶವೇ. ಡಿಸ್ಪ್ರೋಸಿಯಂ, ಹೋಲ್ಮಿಯಂ, ಯಿಟ್ರಿಯಂ ಇವುಗಳ ಗಾತ್ರ ಬೇರಿಯಂ, ಟೈಟಾನಿಯಂಗಳ ನಡುವಿನದು; ಆದಕಾರಣ ಎರಡು ಪೀಠಗಳಲ್ಲಿಯೂ ಕೂರಬಲ್ಲವು. ಬೇರಿಯಂನ ಪೀಠದಲ್ಲಿ ಇವುಗಳಿಗೆ ಒಂದು ಧನಾಂಶ ಹೆಚ್ಚು, ಟೈಟಾನಿಯಂನ ಪೀಠದಲ್ಲಿ ಒಂದು ಕಡಿಮೆ. ಇವನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿದರೂ ತೆರವುಗಳ ಸಂಖ್ಯೆ ಇಳಿದು, ಉಳಿದವುಗಳ ನಡೆ ಮಂದವಾಗಿ, ಕೆಪಾಸಿಟರಿನ ಆಯುಸ್ಸು ಹೆಚ್ಚುತ್ತದೆ.